ಕೊನೆಯ ಡ್ರಿಪ್ ಯಾವಾಗ?

ಅಕ್ಕಾ,

ನೀನು ನನ್ನ ಜೊತೆ ಮಾತು ಬಿಟ್ಟು ಇಂದಿಗೆ ಮೂರು ವಾರ. ಫೋನ್ ಮಾಡಿದರೆ ಭಾವನ ಕೈಲಿ 'ಮಲಗಿದ್ದಾಳೆ' ಎಂದು ಹೇಳಿಸುತ್ತೀ. ಅದಕ್ಕೇ ಅವನ ಕೈಲೇ ಈ ಕಾಗದ ಕಳಿಸುತ್ತಿದ್ದೇನೆ. ಹರಿಯುವುದಿದ್ದರೆ ಪೂರ್ತಿ ಓದಿ ಹರಿ.

ನಾನು ಅನುಮಾನದ ಪ್ರಾಣಿ ಎಂದು ನೀನು ಚಿಕ್ಕಂದಿನಿಂದ ಆಡಿಕೊಂಡಿದ್ದೀ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಹದಿನೆಂಟು ವರ್ಷ ಕೂತವನಿಗೆ ಅನುಮಾನವೇ ಅನ್ನ. ಟ್ಯೂಬು ಸರಿಯೇ, ಹೆಸರು ಸರಿಯೇ, ಯಂತ್ರ ಸುಳ್ಳು ಹೇಳುತ್ತಿದೆಯೇ ಎಂದು ನೋಡದೆ ನಾನು ಒಂದು ವರದಿಗೂ ಸಹಿ ಹಾಕಿದವನಲ್ಲ.

ನಿನ್ನ ಕಿಡ್ನಿ ಸೋತು ರಕ್ತ ಇಳಿದಾಗ ಡಾಕ್ಟರು ಕಬ್ಬಿಣದ ಡ್ರಿಪ್ ಬರೆದರು. ಆಮೇಲಿನ ವರದಿಯಲ್ಲಿ ಕಬ್ಬಿಣ ತುಂಬಿ ತುಳುಕುತ್ತಿತ್ತು. ಸಾಕೆಂದು ಡ್ರಿಪ್ ನಿಲ್ಲಿಸಿ, ರಕ್ತ ಹುಟ್ಟಿಸುವ ಇಂಜೆಕ್ಷನ್ನನ್ನು ಮಾತ್ರ ವಾರಕ್ಕೊಂದರಂತೆ ಮುಂದುವರಿಸಿದರು. ಹಿಮೋಗ್ಲೋಬಿನ್ ಏರುವ ಬದಲು ಒಂಬತ್ತರಿಂದ ಏಳೂವರೆಗೆ ಬಂತು. ಮೈಯಲ್ಲಿ ಅಷ್ಟು ಕಬ್ಬಿಣವಿದ್ದೂ ಹೀಗೇಕೆ? ಯಾರೋ ಕಳ್ಳಾಟ ಆಡುತ್ತಿದ್ದಾರೆ ಎಂದುಕೊಂಡೆ.

ಮೊದಲು ಭಾವನ ಮೇಲೆ ಕಣ್ಣಿಟ್ಟೆ. ತಣ್ಣಗಿಡಬೇಕಾದ ಇಂಜೆಕ್ಷನ್ನನ್ನು ಬಿಸಿಲಲ್ಲಿ ಸುತ್ತಾಡಿಸಿ ತರುತ್ತಾನೇನೋ ಎಂದು. ಆಮೇಲೆ ಡ್ರಿಪ್ ಹಾಕಿದ ನರ್ಸಮ್ಮ. ಅರ್ಧ ಬಾಟಲಿಗೇ ಬಿಚ್ಚಿ ಕಳಿಸಿರಬೇಕು ಎಂದು. ಕೊನೆಗೆ ನೀನು. ನೋವಿಗೆ ಹೆದರಿ ಇಂಜೆಕ್ಷನ್ ತಪ್ಪಿಸುತ್ತಿದ್ದೀಯೆಂದು ನಿನ್ನ ಅಡುಗೆಮನೆಯ ಡಬ್ಬದಲ್ಲಿದ್ದ ಖಾಲಿ ಸಿರಿಂಜುಗಳನ್ನು ಕದ್ದು ಎಣಿಸಿದೆ. ನೀನು ಬಾಗಿಲಲ್ಲಿ ನಿಂತು, "ಎಣಿಸಿ ಆಯ್ತೇನೋ? ಒಂದಾದ್ರೂ ಕಮ್ಮಿ ಇದ್ರೆ ಹೇಳು" ಅಂದೆ. ಒಂದೂ ಕಡಿಮೆ ಇರಲಿಲ್ಲ. ಆದರೂ ನಾನು ಸುಮ್ಮನಾಗಲಿಲ್ಲ. ಒಳಗಿದ್ದ ಮದ್ದನ್ನು ನೀನು ಎಲ್ಲಿ ಚೆಲ್ಲಿದೆ ಎಂದು ಖಾಲಿ ಸಿರಿಂಜು ಹೇಳುತ್ತದೆಯೇ ಎಂದು ಕೇಳಿಬಿಟ್ಟೆ. ಆ ಮಾತಿಗೆ ಈಗ ನನಗೇ ಅಸಹ್ಯವಾಗುತ್ತದೆ.

ಈ ಶುಕ್ರವಾರ ನಿನಗೆ ರಕ್ತ ಹಾಕಿಸೋಣ ಎಂದಿದ್ದರು ಡಾಕ್ಟರು. ಬೇರೆಯವರ ರಕ್ತ ಮೈಸೇರಿದರೆ, ನಾನು ಕೊಡಬೇಕೆಂದಿರುವ ಕಿಡ್ನಿಯನ್ನು ನಿನ್ನ ಮೈ ತಿರಸ್ಕರಿಸುವ ಭಯ ಹೆಚ್ಚುತ್ತದೆ. ನಮ್ಮಿಬ್ಬರದೂ ಹೊಂದುತ್ತದೆ ಎಂದು ಗೊತ್ತಾದ ದಿನ ನೀನು ನನ್ನ ತಲೆ ಸವರಿದ್ದೆ. ಅದು ಕೈತಪ್ಪಿದರೆ ನಾನು ಇದ್ದೂ ಏನು ಪ್ರಯೋಜನ?

ನಿನ್ನೆ ಅದೇ ನರ್ಸಮ್ಮ ಲ್ಯಾಬಿಗೆ ಯಾರದೋ ರಕ್ತ ತಂದರು. ಚೀಟಿಯಲ್ಲಿ 'ಕೊನೆಯ ಡ್ರಿಪ್ ಯಾವಾಗ' ಎಂಬ ಸಾಲು ಖಾಲಿಯಿತ್ತು. ಕಬ್ಬಿಣದ ಡ್ರಿಪ್ ಆಗಿ ವಾರ ಕಳೆಯದೆ ಪರೀಕ್ಷಿಸಿದರೆ, ಆಗತಾನೇ ಹಾಕಿದ ಕಬ್ಬಿಣವೇ ಲೆಕ್ಕಕ್ಕೆ ಬಂದು ವರದಿ ಸುಳ್ಳಾಗುತ್ತದೆ. ಎಂದಿನಂತೆ ರೇಗಿ ವಾಪಸು ಕೊಟ್ಟೆ. ಅವರು ಮೆಲ್ಲಗೆ, "ನಿಮ್ಮಕ್ಕನ ಚೀಟೀಲೂ ಬರೆದಿರ್ಲಿಲ್ವಲ್ಲ ಸರ್" ಅಂದರು.

ಹಳೆಯ ಚೀಟಿ ಹುಡುಕಿದೆ. ಆ ಸಾಲು ಖಾಲಿ, ಅಕ್ಷರ ನನ್ನದು. ಮುಂದೆ ಡಯಾಲಿಸಿಸ್‌ಗೆ ಬೇಕೆಂದು ನಿನ್ನ ತೋಳಿನ ನರ ಮುಟ್ಟುವಂತಿರಲಿಲ್ಲ. ಅಂಗೈ ಹಿಂಬದಿಗೇ ಚುಚ್ಚಬೇಕು, ನೀನು ತುಟಿ ಕಚ್ಚುತ್ತಿದ್ದೆ. ಒಂದು ಚುಚ್ಚು ಉಳಿಯಲಿ ಎಂದು, ಎರಡನೇ ಡ್ರಿಪ್ಪಿಗೆ ಹಾಕಿದ ಸೂಜಿಯಿಂದಲೇ, ಬಾಟಲಿ ಏರಿಸುವ ಮುನ್ನ ರಕ್ತ ತೆಗೆಸಿ ನಾನೇ ಲ್ಯಾಬಿಗೆ ಒಯ್ದೆ. ಮೊದಲ ಡ್ರಿಪ್ ಆಗಿ ಆಗಿನ್ನೂ ಮೂರೇ ದಿನ. ಊರವರ ಚೀಟಿಯನ್ನೆಲ್ಲ ಜರಡಿ ಹಿಡಿದವನು ನನ್ನ ಕೈಬರಹವನ್ನು ಮಾತ್ರ ಕಣ್ಣುಮುಚ್ಚಿ ನಂಬಿದೆ. ಕಬ್ಬಿಣವಿಲ್ಲದೆ ಆ ಇಂಜೆಕ್ಷನ್ ರಕ್ತ ಹುಟ್ಟಿಸದು. ನಿನ್ನ ಕಬ್ಬಿಣ ಬರಿದಾಗುತ್ತಿದ್ದಾಗ ನಾನು ನಿನ್ನ ಡಬ್ಬ ಕೆದಕುತ್ತಿದ್ದೆ.

ಡಾಕ್ಟರ ಮುಂದೆ ಎಲ್ಲವನ್ನೂ ಹೇಳಿದೆ. ಬೈದರು, ಬೈಸಿಕೊಂಡೆ. ಹೊಸದಾಗಿ ಪರೀಕ್ಷೆ ಮಾಡಿ, ಕಬ್ಬಿಣ ಕಡಿಮೆಯಿದ್ದರೆ ಮತ್ತೆ ಡ್ರಿಪ್. ಉಸಿರಾಟಕ್ಕೆ ತೊಂದರೆಯಾಗದಿದ್ದರೆ ರಕ್ತ ಹಾಕುವುದನ್ನು ಮುಂದೂಡೋಣ ಎಂದಿದ್ದಾರೆ. ಏದುಸಿರು ಬಂದರೆ ಮಾತ್ರ ನನ್ನ ಮೇಲಿನ ಸಿಟ್ಟಿಗೆ ಮುಚ್ಚಿಡಬೇಡ.

ನಾಳೆ ಬೆಳಿಗ್ಗೆ ಭಾವನ ಜೊತೆ ಬಾ. ಚುಚ್ಚುವವರು ಆ ನರ್ಸಮ್ಮ. ಚೀಟಿ ಬರೆಯುವವರೂ ಅವರೇ. ನಾನು ಮುಟ್ಟುವುದಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ನೋವಾದರೆ ಹಿಡಿದುಕೊಳ್ಳಲು ಒಂದು ಕೈ ಬೇಕೆನಿಸಿದರೆ ಕರೆ.

ಅಕ್ಕನಿಗೆ ಹರಸುವ ವಯಸ್ಸು ನನ್ನದಲ್ಲ. ಆದರೂ ನೂರು ಕಾಲ ಬಾಳು.

ನಿನ್ನ ತಮ್ಮ