ಪ್ರಯಾಗದಲ್ಲಿ ಇಳಿದ ಕಾಶಿ ವಿಮಾನ

ನಮ್ಮ ವಿಮಾನ ಸಂಸ್ಥೆಯ ಏಕಮಾತ್ರ ಗಿರಾಕಿಯೂ ಬಲಗಡೆ ಕುರ್ಚಿಯ ಖಾಯಂ ಹಕ್ಕುದಾರರೂ ಆದ ತಾತನವರ ಸನ್ನಿಧಾನಕ್ಕೆ,

ಪೈಲಟ್ ಮಂಜನ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರಿ ಎನ್ನೋಣವೆಂದರೆ ನಮ್ಮ ಪೋಸ್ಟ್‌ಮ್ಯಾನ್‌ಗೆ ಆ ಕಡೆಯ ಬೀಟು ಇನ್ನೂ... ಇರಲಿ. ಇಷ್ಟು ಬಹುವಚನ ಸಾಕು ತಾತ, ಬೆನ್ನು ನೋಯುತ್ತಿದೆ. ನಾನು ನಿನ್ನ ಹತ್ತಿರ ಒಂದು ತಪ್ಪು ಒಪ್ಪಿಕೊಳ್ಳಬೇಕು. ನಿನ್ನ ಮೇಲೇ ಒಂದು ದೂರು ಕೊಡಬೇಕು. ಆಮೇಲೆ ನಿನಗೆ ಗೊತ್ತಿಲ್ಲದ ಒಂದು ಸುದ್ದಿ ಇದೆ.

ಆ ಹಳೇ ಕಂಪ್ಯೂಟರನ್ನು ಮಗ್ಗದ ಮನೆಯ ಪಕ್ಕದ ಕೋಣೆಗೆ ತಂದಿಟ್ಟ ದಿನ ನೆನಪಿದೆಯಾ? “ಇದೇನ್ಲಾ, ಓದಾಕೋ ಆಡಾಕೋ?” ಎಂದರು ಅಪ್ಪ. “ಹಾರೋಕೆ” ಎಂದೆ. ಅವರು ನನ್ನನ್ನು ಒಮ್ಮೆ, ಅದನ್ನು ಒಮ್ಮೆ ನೋಡಿ ಮಗ್ಗದ ಕಡೆ ಹೋದರು. ನೀನು ಮಾತ್ರ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತೆ. ವಿಮಾನ ಹಾರಿಸುವ ಆಟ ಹಾಕಿದೆ. ದೇವನಹಳ್ಳಿ ಏರ್‌ಪೋರ್ಟಿನಿಂದ ಮೇಲೆದ್ದದ್ದೇ ತಡ, ನೀನು ಪರದೆಗೆ ಬೆರಳು ಚುಚ್ಚಿದೆ. “ಅದು ನಂದಿ ಬೆಟ್ಟ ಅಲ್ವೇನ್ಲಾ? ಎಡಕ್ಕೆ ತಿರುಗ್ಸು, ನಮ್ಮೂರು ಸಿಗ್ತೈತೆ.” ತಿರುಗಿಸಿದೆ. ದೊಡ್ಡಬಳ್ಳಾಪುರ ಸಿಕ್ಕಿತು. ನಮ್ಮ ಮನೆ ಇರಬೇಕಾದ ಜಾಗದಲ್ಲಿ ನಾಲ್ಕು ಹಸಿರು ಮರಗಳಿದ್ದವು. ನೀನು ಗಾಬರಿಯಿಂದ ಗೋಡೆ ಮುಟ್ಟಿ ನೋಡಿಕೊಂಡೆ. “ಮನೆ ಎಲ್ಲೋಯ್ತ್ಲಾ? ಬೆಳಗ್ಗೆ ಇತ್ತಲ್ಲ!” ಆವತ್ತು ನಾನು ನಕ್ಕಿದ್ದಕ್ಕೆ ಅಮ್ಮ ಅಡುಗೆಮನೆಯಿಂದ ಓಡಿ ಬಂದಳು.

ಭಾನುವಾರ ಬಂತೆಂದರೆ ನಿನ್ನ ಸಿದ್ಧತೆಯೇ ಬೇರೆ. ಸೀರೆ ಡಬ್ಬದ ರಟ್ಟು ಕತ್ತರಿಸಿ ನಾನು ಟಿಕೆಟ್ ಬರೆದು ಕೊಡುತ್ತಿದ್ದೆ. ನೀನು ಇಸ್ತ್ರಿ ಮಾಡಿದ ಪಂಚೆ ಉಟ್ಟು, ಮೇಲೆ ಚಳಿ ಇರುತ್ತದೆಂದು ಮಂಕಿ ಕ್ಯಾಪ್ ಹಾಕಿ, ಟವೆಲ್ಲಿನಿಂದ ಹೊಟ್ಟೆಯನ್ನು ಕುರ್ಚಿಗೆ ಕಟ್ಟಿಕೊಳ್ಳುತ್ತಿದ್ದೆ. ಅಮ್ಮ ಚಿತ್ರಾನ್ನ ತಂದರೆ “ಇಳಿಯೋ ಹೊತ್ತಿಗೆ ಕೊಡಮ್ಮಾ, ಈಗ ಗಾಳಿ ಜೋರೈತೆ” ಎನ್ನುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಅಪ್ಪನ ಮಗ್ಗ ಶುರುವಾಗಿ ನಮ್ಮ ಟೇಬಲ್ಲು ಗಡಗಡ ಅಲುಗುತ್ತಿತ್ತಲ್ಲ, ಅದೇ ಗಾಳಿ. ಎರಡು ಸೀಟಿನ ಪುಟ್ಟ ವಿಮಾನ, ನಿಜವಾದದ್ದು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೋ ಅಷ್ಟೇ ಹೊತ್ತು ಇದೂ ತೆಗೆದುಕೊಳ್ಳುತ್ತದೆ. ಒಂದು ಗುಂಡಿ ಒತ್ತಿದರೆ ಬೇಗ ಹೋಗಬಹುದು ಎಂದದ್ದಕ್ಕೆ ನನ್ನನ್ನು ಹೇಗೆ ಗದರಿದೆ! “ಬಸ್ಸಲ್ಲಿ ಹೋಗೋವಾಗ ಮಧ್ಯದ ಊರ್‍ನೆಲ್ಲ ನುಂಗಾಕ್ಬುಡ್ತಾರೇನ್ಲಾ?”

ಗೋದಾವರಿ ದಾಟುವಾಗ ಕರೆಂಟು ಹೋದ ಮಧ್ಯಾಹ್ನವನ್ನು ಮರೆಯುವುದು ಹೇಗೆ? ಕಾಶಿಗೆ ಹೊರಟಿದ್ದೆವು. ಮೊದಲ ವಾರ ಹೈದರಾಬಾದು, ಎರಡನೇ ವಾರ ನಾಗಪುರ, ಮೂರನೇ ವಾರ ಕಾಶಿ ಎಂದು ನಾನು ಘೋಷಿಸಿದ್ದೆ. ಮಗ್ಗ ನಿಂತಿತು, ವಿಮಾನ ಮಾಯವಾಯಿತು. ನಾನು ಟೀ ಕುಡಿಯೋಣವೆಂದು ಏಳಹೊರಟರೆ ನೀನು ರಟ್ಟೆ ಹಿಡಿದು ಕೂರಿಸಿದೆ. “ಎಲ್ಲಿಗ್ಲಾ ಏಳ್ತೀಯ? ಇನ್ನೂ ಮೇಲೇ ಇದೀವಿ.” ಕರೆಂಟು ಬರುವ ತನಕ ಇಬ್ಬರೂ ಕಪ್ಪು ಪರದೆಯ ಮುಂದೆ ಬೆಲ್ಟು ಕಟ್ಟಿಕೊಂಡು ಕೂತಿದ್ದೆವು. ನನ್ನನ್ನು ಆಡಿಸುತ್ತಿದ್ದೆಯಾ, ನಿಜವಾಗಿಯೂ ನಂಬಿದ್ದೆಯಾ? ಆವತ್ತೇ ಅನುಮಾನ ಬರಬೇಕಿತ್ತು ನನಗೆ.

ಈಗ ತಪ್ಪು ಒಪ್ಪಿಕೊಳ್ಳುತ್ತೇನೆ. ಮೂರನೇ ಭಾನುವಾರ ನಾಗಪುರದಿಂದ ಹೊರಟಾಗ ನಾನು ದಿಕ್ಕು ಸರಿಯಾಗಿ ಕೂರಿಸಲಿಲ್ಲ. ಪ್ರಯಾಣಿಕರನ್ನು ಉದ್ದೇಶಿಸಿ ಭಾಷಣ ಮಾಡುವುದರಲ್ಲಿ ಮುಳುಗಿದ್ದೆ. ಮೋಡ ಸರಿದಾಗ ಕೆಳಗೆ ಎರಡು ದೊಡ್ಡ ನದಿಗಳು ಬಂದು ಕೂಡುತ್ತಿದ್ದವು. ಇಂಧನ ತಳ ಮುಟ್ಟಿತ್ತು. ಮ್ಯಾಪ್ ತೆಗೆದು ನೋಡಿದರೆ ಪ್ರಯಾಗ! ಕಾಶಿ ಇನ್ನೂ ಪೂರ್ವಕ್ಕೆ ಅರ್ಧ ಗಂಟೆಯ ದೂರದಲ್ಲಿತ್ತು. ನೀನು ಆಗಲೇ ಕೈ ಮುಗಿದಾಗಿತ್ತು. “ಬಂತೇನ್ಲಾ?” ಎಂದು ಕೇಳಿದೆ. ನಿಜ ಹೇಳುವುದಕ್ಕೆ ಒಂದು ಉಸಿರಿನಷ್ಟು ಸಮಯ ಇತ್ತು ತಾತ. ನಾನು ಗಂಟಲು ಸರಿ ಮಾಡಿಕೊಂಡು, “ಮಾನ್ಯ ಪ್ರಯಾಣಿಕರೇ, ಶ್ರೀ ಕಾಶಿ ಕ್ಷೇತ್ರಕ್ಕೆ ಸುಸ್ವಾಗತ” ಎಂದುಬಿಟ್ಟೆ.

ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಕಾಶಿಗೆ ಹೋದವರು ಇಷ್ಟವಾದ ಏನನ್ನಾದರೂ ಅಲ್ಲೇ ಬಿಟ್ಟು ಬರಬೇಕು, ಬಿಟ್ಟಿದ್ದನ್ನು ಮತ್ತೆ ಜನ್ಮದಲ್ಲಿ ಮುಟ್ಟಬಾರದು ಎಂಬ ಪದ್ಧತಿಯನ್ನು ನಿನಗೆ ನೆನಪಿಸಿದವನೂ ನಾನೇ. ಪುರೋಹಿತನ ದನಿಯಲ್ಲಿ ಕೇಳಿದೆ, ಯಜಮಾನರು ಏನು ಬಿಡುತ್ತೀರಿ ಎಂದು. ನೀನು ಕಣ್ಣು ಮುಚ್ಚಿ, “ಹಲಸಿನ ಹಣ್ಣು” ಎಂದೆ. ನನ್ನ ನಗು ಅಲ್ಲೇ ನಿಂತಿತು. ಹಲಸು! ತೂಬಗೆರೆ ಕಡೆಯಿಂದ ಹಣ್ಣು ಬಂದರೆ ಕೈಗೆ ಎಣ್ಣೆ ಸವರಿಕೊಂಡು ಮೊದಲು ಕೂರುತ್ತಿದ್ದವನು ನೀನು. “ನೀನೇನ್ಲಾ ಬುಟ್ಟೆ?” ಎಂದು ನನ್ನನ್ನು ಕೇಳಿದೆ. “ಹಾಗಲಕಾಯಿ” ಎಂದೆ. “ಥೂ ಕಳ್ಳ, ಅದನ್ನ ನೀನು ಯಾವಾಗ್ಲಾ ತಿಂದಿದ್ದೆ?” ಎಂದು ಬೆನ್ನಿಗೆ ಒಂದು ಕೊಟ್ಟೆ.

ಬೇಸಿಗೆಯಲ್ಲಿ ಹಲಸು ಬಂತು. ಮನೆಯೆಲ್ಲ ಘಮಘಮ. ಅಮ್ಮ ತೊಳೆ ಬಿಡಿಸಿ ತಟ್ಟೆ ಮುಂದಿಟ್ಟರೆ, “ಬುಟ್ಟಿದೀನಲ್ಲಮ್ಮ, ಕಾಶೀಲಿ” ಎಂದು ತಟ್ಟೆಯನ್ನು ನನ್ನ ಕಡೆ ತಳ್ಳಿದೆ. ನಾನು ತಿಂದೆ. ‘ತಾತ, ಅದು ಕಾಶಿ ಅಲ್ಲ, ತಿನ್ನು’ ಎಂದು ಎಷ್ಟು ಸಲ ಬಾಯಿವರೆಗೆ ಬಂತು... ಆದರೆ ನೀನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ, ಮೊಮ್ಮಗ ಕಾಶಿ ತೋರಿಸಿದ ಎಂದು. ಆ ಮುಖದ ಮುಂದೆ ಹೇಗೆ ಹೇಳಲಿ?

ಶ್ರಾವಣದಲ್ಲಿ ಅಪ್ಪ ಒಂದು ಸಂಜೆ ಕೈಕಾಲು ತೊಳೆದು ನಿನ್ನ ಮುಂದೆ ಬಂದು ಕೂತರು. ದೇವಸ್ಥಾನದವರು ಗುಂಪಾಗಿ ಕಾಶಿಗೆ ಹೊರಟಿದ್ದಾರೆ, ವಿಮಾನದಲ್ಲಿ, ನಿನ್ನ ಹೆಸರು ಬರೆಸುತ್ತೇನೆ ಎಂದರು. ನೀನು ಎರಡು ದಿನ ತಡಿ ಎಂದೆ. ಎರಡು ದಿನ ಕಳೆದ ಮೇಲೆ ಹೇಳಿದ್ದು ಇಷ್ಟೇ: “ಬ್ಯಾಡ ಕಣಪ್ಪಾ. ಮಂಜನ ಜೊತೆ ಹೋಗ್ಬಂದಾಯ್ತಲ್ಲ. ಒಂದೇ ಕಾಶಿಗೆ ಎಷ್ಟು ಸಲ ಹೋಗದು?” ಅಪ್ಪ ನನ್ನ ಕಡೆ ತಿರುಗಿ ನೋಡಿದ ನೋಟ ಈಗಲೂ ಬೆನ್ನ ಮೇಲಿದೆ. ದೀಪಾವಳಿಗೆ ಮೊದಲೇ ನಿನಗೆ ಉಸಿರು ಸಾಲದಾಯಿತು. ಮೂರೇ ದಿನ.

ನಿನ್ನ ಹನ್ನೊಂದನೆಯ ದಿನ ನೆಂಟರೆಲ್ಲ ಊಟ ಮಾಡಿ ಎದ್ದ ಮೇಲೆ, ಎಲೆ ಎತ್ತುತ್ತಿದ್ದ ನನ್ನನ್ನು ನಿಲ್ಲಿಸಿ ಅಪ್ಪ ಹೇಳಿದರು. “ನಮ್ಮಪ್ಪನ್ನ ಕಾಶಿಗೆ ಕಳಿಸೋದೊಂದು ಆಸೆ ಇತ್ತು ನಂಗೆ. ನಿನ್ ಆಟ ಅದನ್ನ ಕಿತ್ಕೊಂತು.” ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ಏನಾದರೂ ಎದುರು ಮಾತಾಡಬಹುದಿತ್ತು. ಆಮೇಲೆ ನನ್ನ ಜೊತೆ ಮಾತೇ ನಿಂತಿತು. ಊಟಕ್ಕೆ ಕರೆಯಬೇಕಾದರೂ ಅಮ್ಮನ ಮೂಲಕ. ಕಂಪ್ಯೂಟರಿಗೆ ಒಂದು ಹಳೇ ಸೀರೆ ಹೊದಿಸಿಟ್ಟೆ. ಊರನ್ನೆಲ್ಲ ಗೋಳು ಹುಯ್ದುಕೊಳ್ಳುತ್ತಿದ್ದವನಿಗೆ ಒಂದು ಜೋಕೂ ಹುಟ್ಟದ ಕಾಲ ಅದು.

ಸಂಕ್ರಾಂತಿ ಎಳ್ಳು ಕೊಡಲು ಹೋದಾಗ ನಿನ್ನ ಗೆಳೆಯ, ಹಿಂದಿನ ಬೀದಿಯ ಮಗ್ಗದ ನಂಜಪ್ಪ ತಾತ ಕೇಳಿದ: “ಏನ್ಲಾ ಪೈಲಟ್ಟು, ಹಾರಾಟ ನಿಂತೋಗೈತಂತೆ?”

“ಅಪ್ಪ ಮಾತಾಡ್ತಿಲ್ಲ ತಾತ. ನನ್ನಿಂದ ತಾತನಿಗೆ ಕಾಶಿ ತಪ್ಪೋಯ್ತು ಅಂತ.”

“ಯಾವ ಕಾಶಿ? ನೀನು ಇಳಿಸಿದ್ದು ಪ್ರಯಾಗದಲ್ಲಲ್ವೇನ್ಲಾ?”

“ನಿನಗ್ಯಾರು ಹೇಳಿದ್ರು ತಾತ?” ಎಂದೆ. ನೀನೇ ಹೇಳಿದ್ದೆಯಂತೆ. ಎರಡು ನದಿ ಕೂಡಿದ್ದನ್ನು ನೋಡಿದೆ, ಹುಡುಗ ಕಾಶಿ ಅಂದ, ಮುಖ ಬೆವೆತುಹೋಗಿತ್ತು, ಪಾಪ ಅಂತ ಹೂಂ ಅಂದೆ ಎಂದು! “ಮತ್ತೆ ಹಲಸು ಯಾಕೆ ಬಿಟ್ಟ?” ಎಂದೆ. ನಂಜಪ್ಪ ತಾತ ಎಳ್ಳು ಅಗಿಯುತ್ತಾ ನಗಾಡಿದ. “ಶುಗರ್ ಐತೆ, ಹಲಸು ಮುಟ್ಬ್ಯಾಡ ಅಂತ ಡಾಕ್ಟ್ರು ಅದೇ ವಾರ ಅಂದಿದ್ರು ಕಣೋ. ಹೆಂಗೂ ಬುಡಬೇಕು, ನಿನ್ ಕಾಶೀಲಿ ಬುಟ್ಟ.” ಆಮೇಲೆ ನಗು ನಿಲ್ಲಿಸಿ ಹೇಳಿದ. “ನಿಮ್ಮಪ್ಪ ಟಿಕೆಟ್ ಅಂದಾಗ ನನ್ನ ಕರ್ಕೊಂಡು ಆಸ್ಪತ್ರೆಗೆ ಹೋಗಿ, ವಿಮಾನ ಹತ್ಬೋದಾ ಅಂತ ತಾನೇ ಕೇಳ್ದ. ಎದೇಲಿ ಉಸಿರೇ ಇಲ್ವಲ್ಲ ಯಜಮಾನ್ರೇ, ಮೇಲೆ ಹೋಗಂಗಿಲ್ಲ ಅಂದ್ರು. ಮನೇಲಿ ಹೇಳೋ ಅಂದ್ರೆ, ಹೇಳಿದ್ರೆ ನನ್ಮಗ ಮಗ್ಗ ನಿಲ್ಸಿ ನನ್ನ ಮಂಚದ ಕಾಲ್ದೆಸೆ ಕೂತ್ಬುಡ್ತಾನೆ, ಹೋಗೋಗಂಟ ಮಗ್ಗದ ಸದ್ದು ಕೇಳ್ಬೇಕು ನಂಗೆ ಅಂದ.”

ಇದೇ ನನ್ನ ದೂರು. ಯಾರು ಯಾರನ್ನು ಯಾಮಾರಿಸಿದ್ದು ತಾತ? ನನ್ನ ಒಂದು ಸುಳ್ಳಿನ ಹಿಂದೆ ನೀನು ಎರಡು ನಿಜ ಬಚ್ಚಿಟ್ಟೆ. ಅಪ್ಪನ ಕೋಪಕ್ಕೆ ನನ್ನನ್ನು ಮುಂದೆ ಬಿಟ್ಟು ನೀನು ಹೊರಟೆ. ಅದೂ ಇರಲಿ, ನಿನಗೆ ಆ ಕಾಶಿಗೆ ನಿಜವಾಗಿ ಹೋಗಬೇಕೆಂದಿತ್ತು ಅಲ್ಲವಾ? ಇಲ್ಲದಿದ್ದರೆ ಡಾಕ್ಟರನ್ನು ಕೇಳುವುದಕ್ಕೆ ಯಾಕೆ ಹೋಗುತ್ತಿದ್ದೆ...

ಒಂದು ವಾರ ಒದ್ದಾಡಿದೆ. ಹೇಳಿದರೆ ನಾನು ಪಾರಾಗುತ್ತೇನೆ, ಆದರೆ ನಿನ್ನ ಗುಟ್ಟು ಹೋಗುತ್ತದೆ. ‘ನಮ್ಮಪ್ಪನೇ ನನ್ನಿಂದ ಮುಚ್ಚಿಟ್ಟನಲ್ಲ’ ಎಂದು ಅಪ್ಪನ ಎದೆ ಒಡೆಯುತ್ತದೆ. ಹೇಳದಿದ್ದರೆ ಕಾಶಿ ತಪ್ಪಿಸಿದೆನೆಂಬ ಕೊರಗು ಅವರಿಗೂ ನನಗೂ ಹಾಗೇ ಉಳಿಯುತ್ತದೆ. ನೀನಿದ್ದಿದ್ದರೆ ಏನು ಮಾಡುತ್ತಿದ್ದೆ? ಬೇಡ, ನಿನ್ನನ್ನು ಕೇಳುವುದು ವ್ಯರ್ಥ. ನೀನು ಇನ್ನೊಂದು ಸುಳ್ಳು ಹೇಳುತ್ತಿದ್ದೆ.

ಕೊನೆಗೆ ಮಗ್ಗದ ಮನೆಗೆ ಹೋದೆ. ಆ ಸದ್ದಿನಲ್ಲಿ ಗುಟ್ಟು ಹೇಳುವುದು ಹೇಗೆಂದು ನಿನಗೇ ಗೊತ್ತು. ಅಪ್ಪನ ಕಿವಿಯ ಹತ್ತಿರ ಗಂಟಲು ಹರಿಯುವ ಹಾಗೆ ಕಿರುಚಿದೆ: “ಅಪ್ಪಾ! ಅದು ಕಾಶಿ ಅಲ್ಲ! ಪ್ರಯಾಗ! ತಾತನಿಗೆ ಗೊತ್ತಿತ್ತು! ಡಾಕ್ಟ್ರು ವಿಮಾನ ಹತ್ಬೇಡ ಅಂದಿದ್ರು!” ಅಪ್ಪ ಮಗ್ಗ ನಿಲ್ಲಿಸಿದರು. “ಏನಂದೆ?” ಎಂದರು. ಅಷ್ಟು ನಿಶ್ಶಬ್ದದಲ್ಲಿ ಅದನ್ನೇ ಮತ್ತೆ ಮೊದಲಿನಿಂದ ಹೇಳಬೇಕಾಯಿತು ತಾತ.

ಅಪ್ಪ ಬಗ್ಗಿ, ಕಡಿದ ಒಂದು ಎಳೆಯನ್ನು ಹುಡುಕಿ ಗಂಟು ಹಾಕಿದರು. ಇನ್ನೊಂದನ್ನು ಹುಡುಕಿದರು. “ನಂಗೊಂದ್ ಮಾತು ಹೇಳ್ಬೋದಿತ್ತು ನಮ್ಮಪ್ಪ” ಎಂದರು. ಆಮೇಲೆ ತಲೆ ಎತ್ತಿ, ಕಣ್ಣು ಒರೆಸಿಕೊಂಡು, “ಲೇ, ಕಾಶಿ ಯಾವುದು ಪ್ರಯಾಗ ಯಾವುದು ಗೊತ್ತಿಲ್ದಿರೋ ನೀನೆಂಥಾ ಪೈಲಟ್ಟೋ?” ಎಂದರು. ಮೂರು ತಿಂಗಳ ಮೇಲೆ ನನಗೆ ಸಿಕ್ಕ ಮೊದಲ ಬೈಗುಳ. ಎಂಥ ಸುಖ ಅಂತೀಯಾ!

ಸುದ್ದಿ ಇದು. ಮೊನ್ನೆ ಭಾನುವಾರ ಅಪ್ಪ ತಾವಾಗಿಯೇ ಆ ಕೋಣೆಗೆ ಬಂದರು. ಸೀರೆ ತೆಗೆದು ಮಡಿಸಿದರು. “ಅಲ್ಲಿಂದ ಕಾಶಿಗೆ ಎಷ್ಟೊತ್ತು?” ಎಂದರು. ಅರ್ಧ ಗಂಟೆ ಎಂದೆ. “ಅರ್ಧ ಗಂಟೆ ದಾರಿಗೆ ವಯಸ್ಸಾದವರನ್ನ ಅಲ್ಲೇ ಬಿಟ್ಟು ಬಂದಿದೀಯಲ್ಲೋ. ಹೊರಡು.” ಬಲಗಡೆಯ ಕುರ್ಚಿ ಎಳೆದುಕೊಟ್ಟೆ. ಅವರು ಅದರಲ್ಲಿ ಕೂರಲಿಲ್ಲ; ಅಡುಗೆಮನೆಯಿಂದ ಸ್ಟೂಲ್ ತಂದು ಹಿಂದೆ ಕೂತರು. ಪ್ರಯಾಗದಿಂದ ಎದ್ದು ಪೂರ್ವಕ್ಕೆ ತಿರುಗಿದೆ. ನಾನು ಒಂದು ಘೋಷಣೆಯನ್ನೂ ಮಾಡಲಿಲ್ಲ, ದಿಕ್ಕಿನ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಚಕ್ರ ನೆಲ ಮುಟ್ಟಿ ವಿಮಾನ ನಿಂತ ಮೇಲೆ ಅಪ್ಪ ಎದ್ದು, ಕನ್ನಡಕ ಹಾಕಿಕೊಂಡು, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ಊರಿನ ಹೆಸರನ್ನು ತಾವೇ ಅಕ್ಷರ ಅಕ್ಷರ ಕೂಡಿಸಿ ಓದಿದರು. ಎರಡು ಸಲ ಓದಿದರು.

ಆಮೇಲೆ ಬಲಗಡೆಯ ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು, ಬಸ್ಸಿನಲ್ಲಿ ನಿದ್ದೆ ಹೋದವರನ್ನು ಎಬ್ಬಿಸುವ ಹಾಗೆ ಮೆಲ್ಲಗೆ ಅಂದರು:

“ಅಪ್ಪಾ, ಕಾಶಿ ಬಂತು. ಇಳ್ಕಳಪ್ಪಾ.”

ನಿನ್ನ,
ಮಂಜ