ಹದಿನೇಳು ಆಟದ ಬದಲಿ ಆಟಗಾರ

ಲೊರೆಶೋ, ನೈರೋಬಿ
14 ಜೂನ್ 2025

ಪ್ರೀತಿಯ ರುಕ್ಕು,

ಕಣ್ಣು ಹೇಗಿದೆ? ಪೊರೆ ತೆಗೆಸಿ ಹದಿನೈದು ದಿನವಾಯಿತು, ಡ್ರಾಪ್ಸ್ ತಪ್ಪಿಸುತ್ತಿಲ್ಲ ತಾನೆ? ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬೆಂಗಳೂರಿಗೆ ಹೊರಟಿರುವ ಪಕ್ಕದ ಮನೆಯ ರಮೇಶನ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ. ಮಗಳು ವಿಭಾ ಓದಿ ಹೇಳಲಿ. ಇಲ್ಲಿ ಮಗ, ಸೊಸೆ ಕ್ಷೇಮ. ನಾನಂತೂ ಗುಂಡುಕಲ್ಲಿನ ಹಾಗಿದ್ದೇನೆ.

ಮೊಮ್ಮಗಳು ಪ್ರಣತಿ ಶಾಲೆಯ ಬೇಸ್‌ಬಾಲ್ ತಂಡ ಸೇರಿದ್ದು ಗೊತ್ತಲ್ಲ, ಎರಡನೇ ಬೇಸ್ ಕಾಯುವ ಹುಡುಗಿ ಕೈ ಮುರಿದುಕೊಂಡಿದ್ದಳೆಂದು. ಕಳೆದ ಶನಿವಾರ ಆಟ ನೋಡಲು ಹೋದೆ. ಚೆಂಡು ಅವಳ ಬ್ಯಾಟಿಗೆ ತಾಗಿ ಮುಂದೆಯೇ ಉರುಳಿತು. ಕ್ರಿಕೆಟ್ ನೋಡಿ ಬೆಳೆದ ಬಾಯಿ ಸುಮ್ಮನಿರಬೇಕಲ್ಲ, "ಬೇಡ, ನಿಲ್ಲು" ಎಂದು ಕೂಗುತ್ತಾ ಗೆರೆಯವರೆಗೂ ಓಡಿದೆ. ಮಗು ನಿಂತಳು, ಔಟಾದಳು. ಈ ಆಟದಲ್ಲಿ ಹಾಗೆ ಹೊಡೆದ ಮೇಲೆ ಓಡಲೇಬೇಕಂತೆ. ಸೋಮವಾರ ಆ ಹುಡುಗಿ ವಾಪಸ್ಸು ಬಂದಳು, ನಮ್ಮವಳ ಜಾಗ ಹೋಯಿತು. "ಐ ವಾಸ್ ಓನ್ಲಿ ಎ ಸ್ಪೇರ್, ತಾತಾ" ಎಂದು ಗ್ಲೌಸನ್ನು ಮಂಚದ ಕೆಳಗೆ ಎಸೆದಳು. ಇನ್ನು ಮೈದಾನಕ್ಕೇ ಹೋಗುವುದಿಲ್ಲವಂತೆ.

ತಪ್ಪೊಪ್ಪಿಕೊಳ್ಳಲು ಅವಳ ಕೋಚ್ ಫೆಲಿಕ್ಸ್‌ನ ಬಳಿ ಹೋದೆ. "ಪೋಲೆ, ಬಾಬು", ಅಂದರೆ ಪಾಪ ತಾತ, ಎಂದು ಇಲ್ಲಿಯ ಮಾತಿನಲ್ಲಿ ಸಮಾಧಾನ ಹೇಳಿ ಕೂರಿಸಿಕೊಂಡ. ಅವನಿಗೆ ಆಟ ಕಲಿಸಿದ ಅಮೆರಿಕದ ಮೇಷ್ಟ್ರ ತಾತ ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದನಂತೆ. ಎರಡನೇ ಮಹಾಯುದ್ಧಕ್ಕೆ ಆಟಗಾರರೆಲ್ಲ ಹೋಗಿ ದೊಡ್ಡ ತಂಡವೊಂದರ ಎರಡನೇ ಬೇಸ್ ಖಾಲಿಯಾದಾಗ ಆ ತಾತನನ್ನು ಕರೆದರು. ಸಂಬಳ ಕೊಟ್ಟು ಆಡಿಸಿದ್ದು ಹದಿನೇಳೇ ಆಟ. ಒಮ್ಮೆ ಮೊಣಕಾಲೂರಿ ಹಿಡಿದ ಚೆಂಡಿಗೆ ಮೈದಾನವೇ ಎದ್ದು ನಿಂತಿತ್ತಂತೆ. ಯುದ್ಧ ಮುಗಿದು ಅಸಲಿ ಆಟಗಾರ ಬಂದಾಗ ಈ ತಾತ ಅವನ ಕೈಕುಲುಕಿ, ಮರುದಿನವೇ ಗಿರಣಿಗೆ ವಾಪಸ್ಸು ಹೋದ. ಆದರೆ ಎಪ್ಪತ್ತರ ವಯಸ್ಸಿನವರೆಗೂ ಭಾನುವಾರದ ಆಟ ಬಿಡಲಿಲ್ಲ. "ನಾನು ಬದಲಿ ಆಟಗಾರ, ಹದಿನೇಳು ಆಟ" ಎಂದು ಸಿಕ್ಕವರಿಗೆಲ್ಲ ತಾನೇ ಹೇಳುತ್ತಿದ್ದನಂತೆ. ಆ ಮಾತು ನನಗೆ ಸರಿಯಾಗಿ ನಾಟಿತು.

ಪ್ರಣತಿಗೂ ಈ ಕಥೆ ಹೇಳಿದೆ. ಫ್ಯಾಕ್ಟರಿಯಲ್ಲಿ ಆಡುತ್ತಿದ್ದ ಹಾಕಿ ಆಟ ನೀವ್ಯಾಕೆ ಬಿಟ್ಟಿರಿ ಎಂದು ಕೇಳಿದಳು. ಎಂದಿನಂತೆ ಮಂಡಿ ನೋವು ಎಂದೆ. "ಬಟ್ ಯು ರ‍್ಯಾನ್, ತಾತಾ" ಎಂದಳು. ಪಾಟೀಸವಾಲು ಹಾಕುವುದರಲ್ಲಿ ನಿನ್ನ ಮೊಮ್ಮಗಳೇ. ಬೇರೆ ದಾರಿ ಕಾಣದೆ ನಿಜ ಹೇಳಿದೆ. ಇವತ್ತು ಬೆಳಿಗ್ಗೆ ಮಂಚದ ಕೆಳಗಿನಿಂದ ಗ್ಲೌಸ್ ಎಳೆದುಕೊಂಡು ತಾನೇ ಮೈದಾನಕ್ಕೆ ಹೊರಟಳು.

ವಿಭಾಗೆ ನನ್ನ ಆಶೀರ್ವಾದ. ಕಣ್ಣಿಗೆ ನೀರು ಬೀಳದಂತೆ ನೋಡಿಕೋ.

ನಿನ್ನ
ಚಕ್ರಪಾಣಿ

ಮತ್ತೆ: ವಿಭಾ, ಇಲ್ಲಿಂದ ಮುಂದೆ ಅಮ್ಮನೇ ಓದಿಕೊಳ್ಳಲಿ, ದಪ್ಪಕ್ಷರದಲ್ಲಿ ಬರೆದಿದ್ದೇನೆ. ರುಕ್ಕು, ಎಪ್ಪತ್ತೊಂದರ ಯುದ್ಧಕ್ಕೆ ಪೊನ್ನಪ್ಪ ಹೋದನೆಂದು ಫ್ಯಾಕ್ಟರಿಯ ಹಾಕಿ ತಂಡದಲ್ಲಿ ಅವನ ಜಾಗಕ್ಕೆ ನಾನು ಆರು ಆಟ ಆಡಿದೆ. ಅವನು ಬಂದ, ನನ್ನನ್ನು ಕೈಬಿಟ್ಟರು. ಹೊಸ ಹೆಂಡತಿಯ ಮುಂದೆ ಹೇಳಲು ನಾಚಿಕೆಯಾಗಿ ಮಂಡಿ ನೋವೆಂದೆ. ನೀನು ಅವತ್ತೇ ಎಳ್ಳೆಣ್ಣೆ ಬಿಸಿ ಮಾಡಿ ತಂದು ಕೂತೆ. ಐವತ್ತಮೂರು ವರ್ಷ ನೀನು ತಿಕ್ಕಿದ ಮಂಡಿಗೆ ಏನೂ ಆಗಿರಲಿಲ್ಲ. ಬೈಯುವುದಿದ್ದರೆ ಬೈದುಬಿಡು, ಎಣ್ಣೆ ಮಾತ್ರ ನಿಲ್ಲಿಸಬೇಡ.