ಐದನೆಯ ಹಳದಿ ಕಾರ್ಡು

ಏಪ್ರಿಲ್ 9, ಮಂಗಳವಾರ

ಬೆಳಿಗ್ಗೆ ಮಂಡಿಗೆ ಐಸು, ಮಧ್ಯಾಹ್ನ ಪ್ರಾಕ್ಟೀಸು. ಎಂದಿನಂತೆ. ಆದರೆ ಓಡುವಾಗ ಕಾಲು ನೆಲದ ಮೇಲಿರಲಿಲ್ಲ. ಇನ್ನು ಮೂರೇ ಪಂದ್ಯ, ನಾವು ಎರಡನೇ ಸ್ಥಾನದಲ್ಲಿ. ಅಲ್ಲೇ ಉಳಿದರೆ ಮೊದಲ ಡಿವಿಷನ್. ಹದಿನೈದು ವರ್ಷದಿಂದ ಫುಟ್‌ಬಾಲ್ ಡಿಫೆಂಡರ್. ನಮ್ಮ ಫ್ಲಾಂಡರ್ಸ್ ಸೀಮೆಯ ಕೆಸರಿನ ಮೈದಾನಗಳನ್ನೆಲ್ಲ ಉತ್ತಿದ್ದೇನೆ, ಮೊದಲ ಡಿವಿಷನ್ನಿನಲ್ಲಿ ಒಂದು ನಿಮಿಷ ಆಡಿಲ್ಲ. ಕ್ಲಬ್ಬಿನ ಅಧ್ಯಕ್ಷರು ಹೇಳಿದ್ದಾರೆ — ಮೇಲೇರಿದರೆ ಇನ್ನೊಂದು ವರ್ಷ ಕರಾರು. ಇಲ್ಲದಿದ್ದರೆ ಕೈ ಕುಲುಕಿ ಮನೆಗೆ.

ಒಂದೇ ತೊಡಕು. ನನ್ನ ತಲೆಯ ಮೇಲೆ ನಾಲ್ಕು ಹಳದಿ ಕಾರ್ಡು. ಐದನೆಯದು ಬಿದ್ದರೆ ಅದರ ಮುಂದಿನ ಪಂದ್ಯ ಹೊರಗೆ. ಟ್ರೇನರ್ ಹ್ಯೂಬರ್ಟ್ ಬಾಗಿಲು ಹಾಕಿಕೊಂಡು ಹೇಳಿದರು:

"ಈ ಭಾನುವಾರ ಬೇಕಂತ್ಲೇ ಒಂದು ಕಾರ್ಡ್ ತಗೊಂಡ್ಬಿಡು, ವಾನೆಸ್. ಆಮೇಲಿನ ವಾರ ಕೂತ್ಕೋ. ಕೊನೇ ಮ್ಯಾಚಿಗೆ ನೀನು ಬೇಕು ನಂಗೆ."

ಎಲ್ಲರೂ ಮಾಡುವುದೇ. ಸರಿ ಎಂದೆ.

ಏಪ್ರಿಲ್ 14, ಭಾನುವಾರ

ಗೆದ್ದೆವು. ಕಾರ್ಡು ಸಿಗಲಿಲ್ಲ!

ಏನೆಲ್ಲ ಮಾಡಿದೆ... ಶಿಳ್ಳೆಯಾದ ಮೇಲೆ ಚೆಂಡನ್ನು ಆಚೆ ಒದ್ದೆ. ಅಂಗಿ ಎಳೆದೆ. ರೆಫರಿಗೆ ಕರುಣೆ ಉಕ್ಕಿತು. ಬಂದು ಹೆಗಲ ಮೇಲೆ ಕೈಯಿಟ್ಟರು. "ಈ ವಯಸ್ಸಲ್ಲಿ ಯಾಕಪ್ಪ ತುಂಟಾಟ? ಒಳ್ಳೇವ್ನು ನೀನು. ಹೋಗು, ಆಡು."

ಅಪ್ಪ ಕ್ಲಬ್ಬಿನ ಕ್ಯಾಂಟೀನಿನಲ್ಲಿ ಬಿಯರ್ ಚೆಲ್ಲುವಷ್ಟು ನಕ್ಕರು. "ಬೈಸ್ಕೊಳ್ಳೋಕೂ ಬರಲ್ವಲ್ಲೋ ನಿಂಗೆ!"

ಏಪ್ರಿಲ್ 17

ಇನ್ನು ಈ ಭಾನುವಾರ ಯಾರನ್ನೂ ಮುಟ್ಟುವಂತಿಲ್ಲ, ಕಾರ್ಡು ಬಿದ್ದರೆ ಕೊನೆಯ ಪಂದ್ಯ ಹೋಯಿತು. ಕೈ ಹಿಂದೆ ಕಟ್ಟಿಕೊಂಡು ಪ್ರಾಕ್ಟೀಸು. ನನ್ನ ಜಾಗಕ್ಕೆ ಮೂರು ವರ್ಷದಿಂದ ಬೆಂಚಿನಲ್ಲಿ ಕಾಯುತ್ತಿರುವ ಲೆನ್ನರ್ಟ್ ಅಂದ: "ನೀನು ಕೈ ಬಿಚ್ಚಿದ್ರೇನೇ ನಂಗೆ ಚಾನ್ಸು ಕಣೋ."

ಏಪ್ರಿಲ್ 21, ಭಾನುವಾರ

ಮಾಡಿಬಿಟ್ಟೆ.

ಒಂದು ಗೋಲಿನಿಂದ ಮುಂದಿದ್ದೆವು. ಕೊನೆಯ ನಿಮಿಷ. ಅವರ ಹುಡುಗ ನನ್ನನ್ನು ದಾಟಿ ಓಡಿದ. ಬಿಟ್ಟರೆ ಗೋಲು, ಮೂರನೇ ಸ್ಥಾನ. ಹಿಡಿದರೆ ಕೊನೆಯ ಪಂದ್ಯ ನನಗಿಲ್ಲ. ಯೋಚಿಸಿದೆ ಎಂದರೆ ಸುಳ್ಳು — ಕೈ ತಾನಾಗಿ ಅಂಗಿ ಹಿಡಿಯಿತು. ಪಕ್ಕದಲ್ಲಿ ನಮ್ಮವನೊಬ್ಬ ಓಡುತ್ತಿದ್ದ, ಅವನು ತಡೆಯಬಹುದಿತ್ತೆಂದು ರೆಫರಿಯ ಲೆಕ್ಕ, ಹಾಗಾಗಿ ಕೆಂಪಲ್ಲ, ಹಳದಿ.

ಗೆದ್ದೆವು. ಎಲ್ಲರೂ ಹಾಡುತ್ತಿದ್ದರು. ನಾನು ಶವರಿನ ಕೆಳಗೆ ಅತ್ತೆ, ಹಾಡಿದೆ, ಮತ್ತೆ ಅತ್ತೆ.

ಲೆನ್ನರ್ಟ್ ಟವೆಲ್ ಕೊಟ್ಟ. "ನಿನ್ ಜಾಗ ಬೇಕಿತ್ತು ನಿಜ. ಹಿಂಗೆ ಬೇಕಿರ್ಲಿಲ್ಲ."

"ಸೋತ್ರೆ ಕೊಂದ್ಬಿಡ್ತೀನಿ," ಎಂದೆ.

ಏಪ್ರಿಲ್ 28, ಸ್ಟ್ಯಾಂಡಿನಲ್ಲಿ

ಅಪ್ಪ ತಾವು ಸಾಕಿದ ಪಾರಿವಾಳಗಳ ರೇಸು ಬಿಟ್ಟು ಬಂದಿದ್ದಾರೆ. ಅದೇ ದೊಡ್ಡದು. ತೊಡೆಯ ಮೇಲೆ ಫ್ರೈಸು ಆರುತ್ತಿದೆ. ಸೊನ್ನೆ–ಸೊನ್ನೆ. ಗೆಲ್ಲಲೇಬೇಕು. ನೋಡಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಲೆನ್ನರ್ಟ್ ಚೆನ್ನಾಗಿ ಆಡುತ್ತಿದ್ದಾನೆ. ತುಂಬಾ ಚೆನ್ನಾಗಿ. ಹೊಟ್ಟೆ ಉರಿಯುತ್ತಿದೆ, ದೇವರೇ ಇನ್ನೂ ಚೆನ್ನಾಗಿ ಆಡಲಿ.

ತೊಂಬತ್ತು ನಿಮಿಷ ಮುಗಿದು ರೆಫರಿ ಕೊಟ್ಟ ಹೆಚ್ಚುವರಿ ನಿಮಿಷಗಳು. ನಮಗೆ ಕಾರ್ನರ್. "ತಲೆ ಎತ್ತೋ," ಅಪ್ಪ ಅನ್ನುತ್ತಿದ್ದಾರೆ, "ಲೆನ್ನರ್ಟ್ ಮುಂದಕ್ಕೆ ಹೋಗ್ತಿದಾನೆ." ಎತ್ತಲಾರೆ.

ಸ್ಟ್ಯಾಂಡು ಅಲುಗುತ್ತಿದೆ — "ತಲೇಲಿ ಹೊಡ್ದ ಕಣೋ, ಒಳಗೆ ಹೋಯ್ತು!" — ಫ್ರೈಸೆಲ್ಲ ಕೆಳಗೆ, ಮೇಯನೇಸು ಪುಟದ ಮೇಲೆ, ಯಾರೋ ತಬ್ಬಿ ಅಳುತ್ತಿದ್ದಾರೆ, ಅಪ್ಪನೇ — ಕೊನೆಯ ಶಿಳ್ಳೆ — ನಾನು ಮೊದಲ ಡಿವಿ—